ಹಳೇ ಗೇಮಿನ ಅಂಗಡಿ ಪುಟ: ಸಾಲು ಸಾಲಿಗೆ ವ್ಯಾಖ್ಯಾನ

ವ್ಯಾಖ್ಯಾನ ಬರೆಯಲು ಮೂಲವೊಂದು ಬೇಕು. ಇಲ್ಲಿಯ ಮೂಲಕ್ಕೆ ಕವಿಯಿಲ್ಲ, ಅಂಕಿತವಿಲ್ಲ. ಕಂಪ್ಯೂಟರ್ ಗೇಮುಗಳನ್ನು ಇಂಟರ್ನೆಟ್ಟಿನಲ್ಲಿ ಮಾರುವ ಸ್ಟೀಮ್, ಗಾಗ್ ಮುಂತಾದ ಅಂಗಡಿಗಳಿಗೆ ಹಳೆಯ ಆಟ ಹುಡುಕಿಕೊಂಡು ಹೋದವರ ಕಣ್ಣಿಗೆ ಬೀಳುವ ಸಾಲುಗಳಿವು. ಒಂದೇ ಪುಟದಿಂದ ಎತ್ತಿದ್ದಲ್ಲ. ಹತ್ತಾರು ಪುಟಗಳಲ್ಲಿ ಮತ್ತೆ ಮತ್ತೆ ಬರುವುದನ್ನು ನನ್ನ ಮಾತಿನಲ್ಲಿ ಜೋಡಿಸಿಕೊಂಡಿದ್ದೇನೆ. ಬರೆಯುವಾಗ ಮನಸ್ಸಿನಲ್ಲಿದ್ದವರು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಒಂದು ತಲೆಮಾರಿನವರು. ತೊಂಬತ್ತರ ದಶಕದ ಕೊನೆಗೋ ಎರಡು ಸಾವಿರದ ಆರಂಭಕ್ಕೋ ಪೇಟೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿ, ಎಂ.ಎಸ್. ವರ್ಡ್‌ಗಿಂತ ಮೊದಲು ಡೇವ್, ಪ್ರಿನ್ಸ್, ರೋಡ್ ರ‍್ಯಾಶ್ ಕಲಿತವರು. ಈಗ ಅವರಿಗೆ ಸಂಬಳ ಬರುತ್ತದೆ, ಕೈಯಲ್ಲಿ ಕಾರ್ಡಿದೆ, ಮಕ್ಕಳಿಗೆ ಆ ಆಟ ತೋರಿಸುವ ಆಸೆಯಿದೆ. ಈ ಸಲ ದುಡ್ಡು ಕೊಟ್ಟೇ ತರೋಣ ಎಂದು ಹೊರಟರೆ ಎದುರಾಗುವ ಮೊದಲ ಸಾಲು ಇದು.

“ನೀವು ಹುಡುಕಿದ್ದು ಇಲ್ಲಿಲ್ಲ. ಇವು ನಿಮಗೆ ಇಷ್ಟವಾಗಬಹುದು.”

ರೋಡ್ ರ‍್ಯಾಶ್ ಎಂದು ಬರೆದರೆ ‘ರೋಡ್ ರಿಡೆಂಪ್ಷನ್’ ಬರುತ್ತದೆ. ಅದು 2017ರದು, ಹಳೆಯದರ ಗುಂಗಿನಲ್ಲಿ ಬೇರೆಯವರು ಮಾಡಿದ್ದು. ಚೈನು ಬೀಸುತ್ತಾ ಪಕ್ಕದ ಬೈಕಿನವನನ್ನು ಒದೆಯುತ್ತಾ ಹೋಗುತ್ತಿದ್ದ ನಮ್ಮ ಆಟ, ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 1996ರಲ್ಲಿ ವಿಂಡೋಸ್‌ಗೆ ತಂದದ್ದು, ಸ್ಟೀಮಿನಲ್ಲೂ ಇಲ್ಲ, ಗಾಗ್‌ನಲ್ಲೂ ಇಲ್ಲ. ಇಡೀ ದೇಶದ ಸೈಬರ್ ಸೆಂಟರುಗಳಲ್ಲಿ ಓಡಿದ ಆಟವನ್ನು ಇಂದು ನ್ಯಾಯವಾಗಿ ಕೊಳ್ಳುವುದಕ್ಕೆ ಅಂಗಡಿಯೇ ಇಲ್ಲ.

ಅದರ ಮೆನುವಿನಲ್ಲಿ ಬರುತ್ತಿದ್ದ ಹಾಡುಗಳು ನೆನಪಿರಬಹುದು. ಸೌಂಡ್‌ಗಾರ್ಡನ್, ಮಾನ್‌ಸ್ಟರ್ ಮ್ಯಾಗ್ನೆಟ್, ಸ್ವರ್ವ್‌ಡ್ರೈವರ್ ಮೊದಲಾದ ನಿಜವಾದ ರಾಕ್ ತಂಡಗಳ ಹಾಡುಗಳವು, ಎ ಅಂಡ್ ಎಂ ರೆಕಾರ್ಡ್ಸ್‌ನಿಂದ ಅನುಮತಿ ಪಡೆದು ಹಾಕಿದ್ದು. ಹೀಗೆ ಪಡೆದ ಅನುಮತಿಗೆ ಸಾಮಾನ್ಯವಾಗಿ ಅವಧಿ ಇರುತ್ತದೆ. ಅವಧಿ ಮುಗಿದ ಆಟವನ್ನು ಮತ್ತೆ ಮಾರಬೇಕಾದರೆ ಹಾಡಿನ ಹಕ್ಕುದಾರರ ಬಾಗಿಲಿಗೆ ಮತ್ತೆ ಹೋಗಬೇಕು, ಇಲ್ಲವೇ ಹಾಡು ಕಿತ್ತು ಹಾಕಬೇಕು. ‘ಜಿಟಿಎ 4’ ಎಂಬ ಆಟದಿಂದ 2018ರಲ್ಲಿ ಹಲವು ಹಾಡು ಕಿತ್ತು ಹಾಕಿದರು. ‘ಅಲನ್ ವೇಕ್’ ಎಂಬ ಆಟ ಇದೇ ಕಾರಣಕ್ಕೆ 2017ರ ಮೇ ತಿಂಗಳಲ್ಲಿ ಅಂಗಡಿಯಿಂದ ಇಳಿದು, ಹೊಸ ಒಪ್ಪಂದವಾದ ಮೇಲೆ 2018ರ ಅಕ್ಟೋಬರಿನಲ್ಲಿ ವಾಪಸಾಯಿತು. ಹಳೆಯ ಬೈಕ್ ಆಟಕ್ಕಾಗಿ ಅಷ್ಟು ಓಡಾಡಲು ವಕೀಲರಿಗೆ ಸಂಬಳ ಕೊಡುವವರು ಯಾರು?

ಪ್ರಿನ್ಸ್ ಆಫ್ ಪರ್ಷಿಯಾದ ಕಥೆಯೂ ಅಷ್ಟೇ. ಆ ಹೆಸರಿನಲ್ಲಿ 2003ರ ‘ಸ್ಯಾಂಡ್ಸ್ ಆಫ್ ಟೈಮ್’ ಸಿಗುತ್ತದೆ, ಅದರ ನಂತರದವೂ ಸಿಗುತ್ತವೆ. ಅರವತ್ತು ನಿಮಿಷದಲ್ಲಿ ರಾಜಕುಮಾರಿಯನ್ನು ಬಿಡಿಸಬೇಕಾಗಿದ್ದ 1989ರ ಮೂಲ ಆಟ ಸಿಗುವುದಿಲ್ಲ. ಜಾನ್ ರೊಮೆರೊ ಅವರ ‘ಡೇಂಜರಸ್ ಡೇವ್’ ಮಾತ್ರ ಗಾಗ್‌ನಲ್ಲಿದೆ. ಮೂರರಲ್ಲಿ ಒಂದೇ ಸಿಕ್ಕಿತಲ್ಲ ಎಂದು ಗೊಣಗುವವರಿಗೆ ಒಂದು ಲೆಕ್ಕ: ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರಾಟದಲ್ಲೇ ಇಲ್ಲ. ಆ ಲೆಕ್ಕದಲ್ಲಿ ಮೂರಕ್ಕೊಂದು ಎಂದರೆ ನಮ್ಮ ಅದೃಷ್ಟ.

“ಮೂಲ ಬಿಡುಗಡೆ: 1999. ಹಕ್ಕುಗಳು: ಪ್ರಕಾಶಕರದು.”

ಸಾಲು ಚಿಕ್ಕದು, ಒಳಗೆ ಜಮೀನಿನ ಪಹಣಿಯಷ್ಟೇ ಗೋಜಲು. ಆಟ ಮಾಡಿದ ಕಂಪನಿ ಮುಳುಗಿರುತ್ತದೆ, ಅದನ್ನು ಇನ್ನೊಂದು ಕೊಂಡಿರುತ್ತದೆ, ಆ ಇನ್ನೊಂದನ್ನು ಮತ್ತೊಂದು ನುಂಗಿರುತ್ತದೆ. ಹಳೆಯ ಕರಾರುಪತ್ರ ಯಾವ ಕಪಾಟಿನಲ್ಲಿದೆಯೆಂದು ಹೇಳುವ ಗುಮಾಸ್ತರೂ ಉಳಿದಿರುವುದಿಲ್ಲ.

‘ಸಿಸ್ಟಂ ಶಾಕ್ 2’ ಇದಕ್ಕೆ ಸುಖಾಂತ್ಯದ ಉದಾಹರಣೆ. 1999ರ ಆಟ. ಮಾಡಿದ ಲುಕಿಂಗ್ ಗ್ಲಾಸ್ ಸ್ಟುಡಿಯೊ 2000ದಲ್ಲಿ ಮುಚ್ಚಿತು; ಹಕ್ಕು ಹೋಗಿ ಸೇರಿದ್ದು ಒಂದು ವಿಮಾ ಕಂಪನಿಗೆ! ಸ್ಟೀಫನ್ ಕಿಕ್ ಎಂಬವರು 2012ರಲ್ಲಿ ಮಧ್ಯ ಅಮೆರಿಕ ಸುತ್ತುತ್ತಿದ್ದಾಗ ಈ ಆಟ ಆಡಬೇಕೆನಿಸಿ ಹುಡುಕಿದರು, ಸಿಗಲಿಲ್ಲ. ಹಕ್ಕು ಯಾರಲ್ಲಿದೆ ಎಂದು ಜಾಡು ಹಿಡಿದು ಹೋಗಿ ವಿಮಾ ಕಂಪನಿಯೊಡನೆ ಮಾತಾಡಿದರು. 2013ರ ಫೆಬ್ರವರಿಯಲ್ಲಿ ಆಟ ಗಾಗ್‌ನಲ್ಲಿ ಬಂತು. ಅಲ್ಲಿಂದ ಹುಟ್ಟಿದ್ದು ನೈಟ್‌ಡೈವ್ ಸ್ಟುಡಿಯೊ, ಹಳೆಯ ಆಟಗಳನ್ನು ಎಬ್ಬಿಸುವುದೇ ಅದರ ಕಸುಬಾಯಿತು.

ಇದೇ ನೈಟ್‌ಡೈವ್ ‘ನೋ ಒನ್ ಲಿವ್ಸ್ ಫಾರೆವರ್’ ಎಂಬ 2000ದ ಆಟದ ಮುಂದೆ ಸೋತಿತು. ಹಕ್ಕು ಇರಬಹುದಾದ ಮೂರು ದೊಡ್ಡ ಕಂಪನಿಗಳ ಬಳಿ ಹೋದರು: ವಾರ್ನರ್, ಆಕ್ಟಿವಿಷನ್, ಫಾಕ್ಸ್. ತಮ್ಮಲ್ಲಿ ಏನಿದೆ ಎಂಬುದು ಅವರಿಗೇ ಸ್ಪಷ್ಟವಿರಲಿಲ್ಲ, ಹುಡುಕಿ ನೋಡುವ ಆಸಕ್ತಿಯೂ ಇರಲಿಲ್ಲ. ಆದರೆ ಹಕ್ಕಿಲ್ಲದೆ ಆಟ ಹೊರತಂದರೆ ಕೇಸು ಹಾಕುವ ಸಾಧ್ಯತೆ ಉಳಿದೇ ಇತ್ತು. ಮಾಲೀಕ ಯಾರೆಂದು ಗೊತ್ತಿಲ್ಲದ ತೋಟಕ್ಕೂ ಬೇಲಿ ಗಟ್ಟಿಯಾಗಿಯೇ ಇರುತ್ತದೆ.

“ಈ ಆಟವನ್ನು ಮಾರಾಟದಿಂದ ಹಿಂತೆಗೆಯಲಾಗಿದೆ.”

ಮೊದಲಿನ ಸಾಲಿಗಿಂತ ಇದು ಹೆಚ್ಚು ಸಿಟ್ಟು ತರಿಸುವ ಸಾಲು. ಇಲ್ಲಿ ಹಕ್ಕುದಾರರು ಇದ್ದಾರೆ, ಆಟವೂ ಓಡುತ್ತದೆ, ಕೊಳ್ಳುವವರೂ ಇದ್ದಾರೆ. ಹೊಸ ಆವೃತ್ತಿ ಮಾರಬೇಕಾಗಿದೆ, ಅದಕ್ಕೆ ಹಳೆಯದು ಅಡ್ಡ.

ರಾಕ್‌ಸ್ಟಾರ್ ಕಂಪನಿ 2021ರ ಅಕ್ಟೋಬರಿನಲ್ಲಿ ‘ವೈಸ್ ಸಿಟಿ’, ‘ಸ್ಯಾನ್ ಆಂಡ್ರಿಯಾಸ್’ ಸೇರಿ ಮೂರು ಹಳೆಯ ಜಿಟಿಎಗಳನ್ನು ಅಂಗಡಿಗಳಿಂದ ಇಳಿಸಿತು. ಮುಂದಿನ ತಿಂಗಳು ಹೊಳಪು ಕೊಟ್ಟ ಹೊಸ ಆವೃತ್ತಿ ಬಂತು. ಅದು ಎಷ್ಟು ಕೆಟ್ಟದಾಗಿತ್ತೆಂದರೆ ಕಂಪನಿ ಕ್ಷಮೆ ಕೇಳಿ, ಹಳೆಯ ಆವೃತ್ತಿಗಳನ್ನು ತನ್ನ ಸ್ವಂತ ಅಂಗಡಿಯಲ್ಲಿ ಮತ್ತೆ ಇಡುವುದಾಗಿ ಹೇಳಬೇಕಾಯಿತು. ಮಾತಿನ ನಡುವೆ ಒಂದು ಸಂಗತಿ: ಈ ರಾಕ್‌ಸ್ಟಾರಿಗೆ ಬೆಂಗಳೂರಿನಲ್ಲಿ ದೊಡ್ಡ ಕಚೇರಿಯಿದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಎಂಬ ಸ್ಟುಡಿಯೊವನ್ನು ಅದು 2019ರಲ್ಲಿ 79 ಲಕ್ಷ ಡಾಲರಿಗೆ ಕೊಂಡಿತು. ಸೈಬರಿನಲ್ಲಿ ವೈಸ್ ಸಿಟಿ ಆಡಿದ ತಲೆಮಾರು ಅರ್ಜಿ ಹಾಕುವ ವಯಸ್ಸಿಗೆ ಬರುವ ಹೊತ್ತಿಗೆ ಕೆಲಸ ನಮ್ಮ ರಾಜಧಾನಿಗೇ ಬಂದಿತ್ತು.

ಬ್ಲಿಜರ್ಡ್ ಕಂಪನಿಯ ‘ವಾರ್‌ಕ್ರಾಫ್ಟ್’ ಒಂದು ಮತ್ತು ಎರಡು 2024ರ ಡಿಸೆಂಬರ್ 13ರಂದು ಗಾಗ್‌ನಿಂದ ಇಳಿದವು. ಅಂಗಡಿಯವರು ಮೊದಲೇ ತಿಳಿಸಿದರು, ಕೊನೆಯ ದಿನಗಳಲ್ಲಿ ರಿಯಾಯಿತಿಯನ್ನೂ ಕೊಟ್ಟರು, ಕೊಂಡವರಿಗೆ ಆಟ ಮುಂದೆಯೂ ಸಿಗುತ್ತದೆ ಎಂದರು. ಹಿಂತೆಗೆಯುವುದಿದ್ದರೆ ಹೀಗೆ ಹೇಳಿ ಹಿಂತೆಗೆಯುವುದು ಮರ್ಯಾದೆ.

“ಬೆಲೆ: ಶೇ. 75 ಕಡಿತ.”

ಹೇಳುವುದು ಹೆಚ್ಚಿಲ್ಲ. ಹಳೆಯ ಆಟ ಅಗ್ಗ. ಹಬ್ಬದ ಸೇಲಿನಲ್ಲಿ ಮಸಾಲೆ ದೋಸೆಯ ದುಡ್ಡಿಗೆ ಬರುತ್ತದೆ. ಸ್ಟೀಮಿನಲ್ಲಿ ಬೆಲೆ ರೂಪಾಯಿಯಲ್ಲೇ ಇದೆ, ಯುಪಿಐ ನಡೆಯುತ್ತದೆ. ಡಾಲರಿನಲ್ಲಿ ಮಾರುವ ಅಂಗಡಿಯಾದರೆ, 2020ರ ರಿಸರ್ವ್ ಬ್ಯಾಂಕ್ ನಿಯಮದಿಂದಾಗಿ ಕಾರ್ಡಿನಲ್ಲಿ ವಿದೇಶಿ ವಹಿವಾಟನ್ನು ನೀವೇ ಆನ್ ಮಾಡಿಕೊಳ್ಳಬೇಕು. ಮನೆಯ ಹಿರಿಯರ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ: “ಎಂತ ಮಾರಾಯ, ಆಟಕ್ಕೂ ದುಡ್ಡು ಕೊಡ್ತೀಯಾ?”

“ಬೇಕಾದ ವ್ಯವಸ್ಥೆ: ವಿಂಡೋಸ್ 10 ಅಥವಾ ಹೊಸದು.”

1989ರ ಆಟಕ್ಕೆ ವಿಂಡೋಸ್ 10 ಏಕೆ? ಆಟವೇ ನೇರವಾಗಿ ಅದರ ಮೇಲೆ ಓಡುವುದಿಲ್ಲ. 2002ರಲ್ಲಿ ಬಂದ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹೊಸ ಕಂಪ್ಯೂಟರಿನೊಳಗೆ ಹಳೆಯ ಡಾಸ್ ಯಂತ್ರವೊಂದನ್ನು ನಟಿಸುತ್ತದೆ. ಆಟ ತಾನು ಹಳೆಯ ಯಂತ್ರದಲ್ಲೇ ಇದ್ದೇನೆ ಎಂದು ನಂಬಿ ಓಡುತ್ತದೆ. ಅಂಗಡಿಗಳು ಮಾರುವ ಡಾಸ್ ಕಾಲದ ಆಟಗಳಲ್ಲಿ ಬಹುಪಾಲು ಇದನ್ನು ಒಳಗಿಟ್ಟುಕೊಂಡೇ ಬರುತ್ತವೆ. ಹವ್ಯಾಸಿಗಳು ದುಡ್ಡಿಲ್ಲದೆ ಮಾಡಿದ ಕೆಲಸದ ಮೇಲೆ ವ್ಯಾಪಾರ ನಿಂತಿದೆ.

ತಲೆನೋವು ಇರುವುದು ವಿಂಡೋಸ್ 98 ಮತ್ತು ಎಕ್ಸ್‌ಪಿ ಕಾಲದ ಆಟಗಳಲ್ಲಿ. ಆ ಕಾಲದ ಹಲವು ಅಸಲಿ ಸಿಡಿಗಳಲ್ಲಿ ಸೇಫ್‌ಡಿಸ್ಕ್ ಎಂಬ ಬೀಗವಿರುತ್ತಿತ್ತು, ನಕಲು ತಡೆಯಲು. ಭದ್ರತೆಗೆ ಅಪಾಯ ಎಂದು ಮೈಕ್ರೋಸಾಫ್ಟ್ ವಿಂಡೋಸ್ 10ರಲ್ಲಿ ಅದನ್ನು ಬಿಟ್ಟುಬಿಟ್ಟಿತು. 2015ರ ಸೆಪ್ಟೆಂಬರಿನಲ್ಲಿ ಹಳೆಯ ವಿಂಡೋಸ್‌ಗಳಲ್ಲೂ ಬಂದ್ ಮಾಡಿತು. ಪರಿಣಾಮ ನೋಡಿ. ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋದಾಗ ಸಾವಿರ ರೂಪಾಯಿ ಕೊಟ್ಟು ಅಸಲಿ ಸಿಡಿ ತಂದು ಜೋಪಾನ ಮಾಡಿದವರ ಆಟ ಇಂದು ಓಡುವುದಿಲ್ಲ. ಬೀಗ ಒಡೆದ ಕಳ್ಳ ಸಿಡಿಯನ್ನು ಬಸ್ ಸ್ಟ್ಯಾಂಡ್ ಹತ್ತಿರ ಕೊಂಡವರದು ಓಡುತ್ತದೆ. ಮಲೆನಾಡಿನ ಮಳೆಗಾಲ ದಾಟಿ ಸಿಡಿಗೆ ಬೂಷ್ಟು ಹಿಡಿಯದೆ ಉಳಿದಿದ್ದರೆ, ಅಷ್ಟೇ.

ಬ್ಯಾಂಕು, ಸೊಸೈಟಿ, ಪಂಚಾಯಿತಿ ಆಫೀಸುಗಳ ಕಂಪ್ಯೂಟರಿನಲ್ಲಿ ಊಟದ ಹೊತ್ತಿಗೆ ಕಾಣುತ್ತಿದ್ದ ಪಿನ್‌ಬಾಲ್ ಎಕ್ಸ್‌ಪಿಯ ನಂತರ ಯಾಕೆ ಮಾಯವಾಯಿತೆಂದು ಕೇಳುವವರು ಈಗಲೂ ಇದ್ದಾರೆ. 64 ಬಿಟ್‌ಗೆ ಬದಲಿಸುವಾಗ ಚೆಂಡು ಏನನ್ನೂ ತಾಗದೆ ಎಲ್ಲದರೊಳಗೆ ತೂರಿ ಕೆಳಗೆ ಬೀಳತೊಡಗಿತು. ಬೇರೆಯವರು ಬರೆದ, ವಿವರಣೆಯಿಲ್ಲದ ಆ ಹಳೆಯ ಕೋಡಿನಲ್ಲಿ ತಪ್ಪು ಎಲ್ಲಿದೆಯೆಂದು ಸಿಗದೆ ಕೈಬಿಟ್ಟರು. ಇದನ್ನು ಹೇಳಿದವರು ಮೈಕ್ರೋಸಾಫ್ಟಿನ ರೇಮಂಡ್ ಚೆನ್. ಅಂಥ ಕಂಪನಿಗೇ ತನ್ನ ಪುಟ್ಟ ಆಟವೊಂದನ್ನು ಒಂದು ವಿಂಡೋಸಿನಿಂದ ಇನ್ನೊಂದಕ್ಕೆ ದಾಟಿಸಲಾಗಲಿಲ್ಲ.

ಅಂಗಡಿಯ ಆ್ಯಪ್‌ಗೂ ಇದೇ ಪಾಡು. ಸ್ಟೀಮ್ 2024ರ ಜನವರಿ 1ರಿಂದ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 7ಕ್ಕೆಂದೇ ಮಾಡಿದ ಆಟವನ್ನು ಸ್ಟೀಮಿನಲ್ಲಿ ಕೊಂಡವರಿಗೆ ಈಗ ವಿಂಡೋಸ್ 7 ಇದ್ದರೆ ಸಾಲದು. ಗಾಗ್ 2024ರ ನವೆಂಬರಿನಲ್ಲಿ 100 ಆಟಗಳಿಂದ ಸಂರಕ್ಷಣಾ ಕಾರ್ಯಕ್ರಮ ಶುರು ಮಾಡಿ, ಆಟ ಮಾಡಿದವರು ಕೈಬಿಟ್ಟರೂ ಹೊಸ ಕಂಪ್ಯೂಟರುಗಳಲ್ಲಿ ಓಡುವಂತೆ ತಾನೇ ನೋಡಿಕೊಳ್ಳುತ್ತೇನೆ ಎಂದಿದೆ. ವ್ಯಾಪಾರಿಯ ಮಾತು, ನಿಜ. ಆದರೂ ಉಳಿದವರು ಅಷ್ಟೂ ಹೇಳಿಲ್ಲ.

“ಡೌನ್‌ಲೋಡ್ ಗಾತ್ರ: 600 ಎಂಬಿ.”

ಬೆಂಗಳೂರಿನಲ್ಲಿ ಈ ಸಾಲನ್ನು ಯಾರೂ ಓದುವುದಿಲ್ಲ. ನಾವು ಮೊದಲು ಓದುವುದು ಇದನ್ನೇ. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಬ್ಯಾನರ್ ಕಟ್ಟಿದ ಸೀಮೆ ಇದು. ಕೋವಿಡ್ ಕಾಲದಲ್ಲಿ ಮಕ್ಕಳು ಸಿಗ್ನಲ್ ಸಿಗುವ ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದ್ದು ಇಲ್ಲೇ. ಶರಾವತಿ ಹಿನ್ನೀರಿನ ತುಮರಿ ಕಡೆಯವರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಿಕ್ಕಿದ್ದೇ 2025ರ ಜುಲೈನಲ್ಲಿ. ಅಲ್ಲಿಯವರೆಗೆ ಲಾಂಚ್ ಕಾಯಬೇಕಿತ್ತು. ಆಷಾಢದಲ್ಲಿ ಹುಲಿಕಲ್, ನಗರ, ಆಗುಂಬೆ ಕಡೆ ಮರ ಬಿದ್ದರೆ ಮೊದಲು ಹೋಗುವುದು ಕರೆಂಟು, ಅದರ ಹಿಂದೆ ಟವರು.

ಇಂಥ ಕಡೆಗೆ ಹಳೆಯ ಆಟ ಹೇಳಿ ಮಾಡಿಸಿದ್ದು. ಪ್ರಿನ್ಸ್ ಒಂದು ಫ್ಲಾಪಿಗೆ, ಅಂದರೆ 1.44 ಎಂಬಿಗೆ ಹಿಡಿಸುತ್ತಿತ್ತು. ಸಿಡಿ ಕಾಲದ್ದು ಎಷ್ಟೇ ಹಿಗ್ಗಿದರೂ ಒಂದು ಡಿಸ್ಕಿಗೆ 700 ಎಂಬಿ ದಾಟುವಂತಿರಲಿಲ್ಲ. ಹೊಸ ರೂಪ ತಾಳಿದ ಜಿಟಿಎ ಮೂರು ಆಟಗಳು ಕೇಳುವ ಜಾಗ 45 ಜಿಬಿ. ಇತ್ತೀಚಿನ ದೊಡ್ಡ ಆಟಗಳು 100 ಜಿಬಿ ದಾಟುತ್ತವೆ. ಹಾಗಾಗಿ ಹಳೆಯದನ್ನು ಇಳಿಸಿ ಹೊಸದನ್ನು ಮಾತ್ರ ಇಟ್ಟರೆ ಹೊಡೆತ ಬೀಳುವುದು ನೆನಪಿಗಷ್ಟೇ ಅಲ್ಲ, ನೆಟ್ ಪ್ಯಾಕಿಗೂ.

ಆಗೆಲ್ಲ ಆಟ ನಮಗೆ ತಲುಪುತ್ತಿದ್ದದ್ದು ಕೈಯಿಂದ ಕೈಗೆ. ಕ್ಲಾಸಿನ ಸರ್ ಬಳಿಯ ಫ್ಲಾಪಿ, ಆಮೇಲೆ ನೂರು ಆಟ ತುಂಬಿದ ಸಿಡಿ, ಆಮೇಲೆ ಪೆನ್‌ಡ್ರೈವ್. “ಅಣ್ಣ, ಗೇಮ್ ಹಾಕಿಕೊಡಿ” ಎಂದರೆ ಕಂಪ್ಯೂಟರ್ ರಿಪೇರಿ ಅಂಗಡಿಯವರು ವಿಂಡೋಸ್ ಹಾಕಿದ ಮೇಲೆ ಉಚಿತವಾಗಿ ನಾಲ್ಕು ಆಟ ತುಂಬಿ ಕೊಡುತ್ತಿದ್ದರು. ನ್ಯಾಯದ ದಾರಿಯೂ ಒಂದಿತ್ತು: 2001ರಿಂದ ಬರುತ್ತಿದ್ದ ‘ಡಿಜಿಟ್’ ಪತ್ರಿಕೆಯ ಜೊತೆಗಿನ ಸಿಡಿ, ಅದರಲ್ಲಿ ಆಟಗಳ ಡೆಮೊ. ಡೆಮೊದ ಮೊದಲ ಹಂತ ಮುಗಿದ ಮೇಲೆ ಏನಿದೆಯೆಂದು ತಿಳಿಯದೆಯೇ ಬೆಳೆದವರು ಬಹಳ.

“ಭಾಷೆಗಳು: ಇಂಗ್ಲಿಷ್, ಜರ್ಮನ್, ಫ್ರೆಂಚ್, ಪೋಲಿಷ್.”

ಕನ್ನಡ ಇಲ್ಲ ಎಂದು ಹೇಳಬೇಕಾಗಿಲ್ಲ. ಹಳೆಯ ಆಟಗಳಲ್ಲಿ ಅಕ್ಷರವೆಂದರೆ ಸಮ ಅಳತೆಯ ಚೌಕದೊಳಗಿನ ಚುಕ್ಕಿ ಚಿತ್ರ. ಒತ್ತಕ್ಷರ ಕೂರಲು ಅಲ್ಲಿ ಜಾಗವೇ ಇರಲಿಲ್ಲ. ಪೋಲಿಷ್ ಹೇಗೆ ಬಂತೆಂಬುದು ನೋಡಬೇಕಾದ್ದು. ವಾರ್ಸಾದಲ್ಲಿ ಆಟದ ಸಿಡಿ ಮಾರುತ್ತಿದ್ದ ಇಬ್ಬರು ಗೆಳೆಯರು 1994ರಲ್ಲಿ ಸಿಡಿ ಪ್ರೊಜೆಕ್ಟ್ ಎಂಬ ಕಂಪನಿ ಮಾಡಿದರು. ಅಲ್ಲಿಯ ಸಂತೆಯಲ್ಲೂ ಕಳ್ಳ ಸಿಡಿಗಳದೇ ರಾಜ್ಯ. ‘ಬಾಲ್ಡರ್ಸ್ ಗೇಟ್’ ಆಟವನ್ನು 1999ರಲ್ಲಿ ಪೋಲಿಷ್‌ಗೆ ತಂದು, ಹೆಸರಾಂತ ನಟರಿಂದ ಮಾತಾಡಿಸಿ, ಪೆಟ್ಟಿಗೆಯಲ್ಲಿ ನಕ್ಷೆ, ಪುಸ್ತಕ ಇಟ್ಟು ಮಾರಿದರು. ಕಳ್ಳ ಪ್ರತಿಗಿಂತ ಅಸಲಿ ಚೆನ್ನಾಗಿದ್ದರೆ ಜನ ಕೊಳ್ಳುತ್ತಾರೆ ಎಂಬ ಅವರ ಎಣಿಕೆ ಫಲಿಸಿತು. 2008ರಲ್ಲಿ ಗಾಗ್ ಶುರು ಮಾಡಿದ್ದು ಇದೇ ಕಂಪನಿ. ನಮ್ಮಲ್ಲೂ ಸಂತೆ ಅಂಥದ್ದೇ ಇತ್ತು, ಹಾಗೆ ಯೋಚಿಸಿದ ವ್ಯಾಪಾರಿ ಇರಲಿಲ್ಲ.

“ಜೊತೆಗೆ: ಕೈಪಿಡಿ, ನಕ್ಷೆ, ಸಂಗೀತ.”

ಕೈಪಿಡಿಯ ಬೆಲೆ ಪ್ರಿನ್ಸ್ ಆಡಿದವರಿಗೆ ಗೊತ್ತು. ಡಾಸ್ ಆವೃತ್ತಿಯಲ್ಲಿ ಮೊದಲ ಹಂತ ಮುಗಿಸಿ ಬಾಗಿಲು ದಾಟಿದರೆ ಒಂದು ಕೋಣೆ ಬರುತ್ತದೆ. ಸಾಲಾಗಿ ಔಷಧಿ ಶೀಶೆಗಳು, ಒಂದೊಂದರ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರ. ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಶೀಶೆ ಕುಡಿ ಎಂದು ಕೆಳಗೆ ಬರೆದಿರುತ್ತದೆ. ತಪ್ಪಿದ್ದು ಕುಡಿದರೆ ಪ್ರಾಣಕ್ಕೆ ಪೆಟ್ಟು. ಅಸಲಿ ಪೆಟ್ಟಿಗೆ ಕೊಂಡವರಿಗೆ ಮಾತ್ರ ಕೈಪಿಡಿ ಇರುತ್ತದೆಂಬ ಲೆಕ್ಕಾಚಾರ. ನಮ್ಮ ಕಡೆ ಆ ಕೈಪಿಡಿ ಕಂಡವರೇ ಇಲ್ಲ. ಒಂದೋ ಆ ಕೋಣೆ ಕಿತ್ತು ಹಾಕಿದ ಪ್ರತಿ ಬರುತ್ತಿತ್ತು, ಇಲ್ಲವೇ ‘ಪ್ರಿನ್ಸ್ ಮೆಗಾಹಿಟ್’ ಎಂದು ಟೈಪ್ ಮಾಡಿ ಆಟ ಶುರು ಮಾಡಿ, ಶಿಫ್ಟ್ ಜೊತೆ ಎಲ್ ಒತ್ತಿ ಹಾರುವುದನ್ನು ಸೀನಿಯರುಗಳು ಹೇಳಿಕೊಡುತ್ತಿದ್ದರು.

ಆಟ ಬರೆದ ಜೋರ್ಡನ್ ಮೆಕ್ನರ್ ಅವರಲ್ಲೇ ಮೂಲ ಕೋಡ್ ಇರಲಿಲ್ಲ. 2012ರಲ್ಲಿ ಅವರ ತಂದೆಯ ಮನೆಯ ಕಪಾಟಿನಲ್ಲಿ ಫ್ಲಾಪಿಗಳ ಪೆಟ್ಟಿಗೆ ಸಿಕ್ಕಿತು. ಬಲ್ಲವರನ್ನು ಕರೆಸಿ ಓದಿಸಿ, ಕೋಡನ್ನು ಎಲ್ಲರಿಗೂ ಕಾಣುವಂತೆ ನೆಟ್ಟಿನಲ್ಲಿಟ್ಟರು. ಕೋಡ್ ಓದಲು ಸಿಗುತ್ತದೆ, ಆಟ ಕೊಳ್ಳಲು ಸಿಗುವುದಿಲ್ಲ.

“ಈ ಖರೀದಿಯಿಂದ ನಿಮಗೆ ದೊರೆಯುವುದು ಬಳಕೆಯ ಪರವಾನಗಿ.”

2024ರ ಅಕ್ಟೋಬರಿನಿಂದ ಸ್ಟೀಮಿನಲ್ಲಿ ದುಡ್ಡು ಕೊಡುವ ಮುಂಚೆ ಈ ಅರ್ಥದ ಸಾಲು ಕಾಣುತ್ತದೆ. ಕ್ಯಾಲಿಫೋರ್ನಿಯಾದ ಕಾನೂನೊಂದು 2025ರ ಜನವರಿ 1ರಿಂದ ಇದನ್ನು ಕಡ್ಡಾಯ ಮಾಡಿತು: ಕೊಡುವುದು ಪರವಾನಗಿಯಾದರೆ ಹಾಗೆಂದು ಸ್ಪಷ್ಟವಾಗಿ ಹೇಳಬೇಕು. ಯೂಬಿಸಾಫ್ಟಿನ ‘ದ ಕ್ರ್ಯೂ’ ಕಾರ್ ಆಟ ಕೊಂಡವರಿಗೆ ಇದರ ಅರ್ಥ ಮೊದಲೇ ಆಗಿತ್ತು. ಕಂಪನಿ 2024ರ ಮಾರ್ಚ್ 31ರಂದು ಸರ್ವರ್ ಮುಚ್ಚಿತು. ಒಬ್ಬರೇ ಆಡುವ ಭಾಗವೂ ಸರ್ವರಿಲ್ಲದೆ ತೆರೆಯದ ಕಾರಣ ಇಡೀ ಆಟ ಸತ್ತಿತು. ಗೇಣಿಯ ಕಷ್ಟ ಕಂಡ, ಕಾಗೋಡು ಸತ್ಯಾಗ್ರಹ ನಡೆಸಿದ ತಾಲ್ಲೂಕಿನವರು ಕೂಡ ಈ ಕರಾರನ್ನು ಓದದೆ ‘ಒಪ್ಪಿದೆ’ ಒತ್ತುತ್ತೇವೆ.

ಆ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ. ಇಳಿಸಿಕೊಂಡು, ಇಂಟರ್ನೆಟ್ ಇಲ್ಲದೆಯೇ ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ಸರಕಿಗೆ ಈ ಎಚ್ಚರಿಕೆ ಬೇಕಿಲ್ಲ.

“ಡಿಆರ್‌ಎಂ ಇಲ್ಲ. ಆಫ್‌ಲೈನ್ ಇನ್‌ಸ್ಟಾಲರ್ ಲಭ್ಯ.”

ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುವ ಈ ಸಾಲೇ ನನ್ನ ಮಟ್ಟಿಗೆ ಇಡೀ ಪುಟದ ತಿರುಳು. ಡಿಆರ್‌ಎಂ ಎಂದರೆ ನಕಲು ತಡೆಯುವ ಬೀಗ. ಇದು ಅದಿಲ್ಲದ ಇನ್‌ಸ್ಟಾಲರ್ ಫೈಲು. ಒಮ್ಮೆ ಇಳಿಸಿಟ್ಟರೆ ಅಂಗಡಿ ಮುಚ್ಚಲಿ, ಅಕೌಂಟ್ ಹೋಗಲಿ, ಟವರ್ ಬೀಳಲಿ, ಆಟ ಓಡುತ್ತದೆ. ಗಾಗ್ ನಡೆದು ಬಂದದ್ದು ಇದರ ಮೇಲೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಕಲಮೂ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿದವರು ಹಾಳಾದೀತೆಂಬ ಮುನ್ನೆಚ್ಚರಿಕೆಗೆ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು ಎನ್ನುತ್ತದೆ. ನೆರೆಮನೆಯವರಿಗೆ ಹಂಚಲು ಅದು ಪರವಾನಗಿಯಲ್ಲ.

ಪ್ರತಿ ಉಳಿಸಿಡುವ ವ್ಯವಸ್ಥೆ ಸಿನಿಮಾಕ್ಕಿದೆ. ಹೆಗ್ಗೋಡಿನಲ್ಲಿ ನೀನಾಸಂ ಎಂಬ ರಂಗಸಂಸ್ಥೆಯವರು ಎಪ್ಪತ್ತರ ದಶಕದಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ಕೊಯ್ಲು ಮುಗಿಸಿ ಬಂದವರಿಗೆ ಜಗತ್ತಿನ ಹಳೆಯ ಶ್ರೇಷ್ಠ ಚಿತ್ರಗಳನ್ನು ತೋರಿಸಲು ಸಾಧ್ಯವಾದದ್ದು, ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಂಥದ್ದು ಇದ್ದು, ಪ್ರಿಂಟು ಡಬ್ಬಿಯಲ್ಲಿ ಬರುವಂತಿದ್ದುದರಿಂದ. ಪುಸ್ತಕ ಅಚ್ಚಾದರೆ 1954ರ ಕಾಯಿದೆಯಂತೆ ಪ್ರತಿಗಳು ಸರ್ಕಾರದ ಗ್ರಂಥಾಲಯ ಸೇರಲೇಬೇಕು. ಆಟಕ್ಕೆ ಅಂಥ ಕಾಯಿದೆ ನಮ್ಮಲ್ಲಿಲ್ಲ. ಅಮೆರಿಕದಲ್ಲಿ ಗ್ರಂಥಾಲಯಗಳು ಮಾರಾಟದಲ್ಲಿಲ್ಲದ ಆಟಗಳನ್ನು ಸಂಶೋಧಕರಿಗೆ ದೂರದಿಂದ ತೋರಿಸಲು ಅನುಮತಿ ಕೇಳಿದಾಗ ಅಲ್ಲಿಯ ಹಕ್ಕುಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ಸಂಗ್ರಹಾಲಯ ಮಾಡಬೇಕಾದ ಕೆಲಸ ಅಂಗಡಿಯ ಕೈಲಿದೆ. ಅಂಗಡಿಯದು ಲಾಭವಿರುವವರೆಗಿನ ನೆನಪು.

ಹಾಗಾಗಿ ಕೊಂಡವರು ಇಳಿಸಿಕೊಳ್ಳಬೇಕು. ಬಹಳ ಮಂದಿ ಸೇಲಿನಲ್ಲಿ ಕೊಂಡು, ಲೈಬ್ರರಿಯಲ್ಲಿದೆಯಲ್ಲ ಎಂದು ಬಿಟ್ಟುಬಿಡುತ್ತಾರೆ. ಪೇಟೆಗೆ ಹೋದಾಗ, ಫೈಬರ್ ಇರುವ ನೆಂಟರ ಮನೆಯಲ್ಲಿ, ಬೇಸಿಗೆಯಲ್ಲೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು. ಒಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ. ಪೆನ್‌ಡ್ರೈವ್ ಹಳೆಯ ಫ್ಯಾಟ್32 ನಮೂನೆಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ನಾವು ಮಾತಾಡುತ್ತಿರುವ ಕಾಲದ ಆಟಗಳಿಗೆ ಆ ಚಿಂತೆ ಬರುವುದಿಲ್ಲ.